ಒಂದು, ಐದು, ನಾಲ್ಕು, ಎಂಟು
(ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಆಡಿದ ಮಾತು)

ಮಕ್ಕಳ ಕನ್ನಡ ಕಲಿಕೆಯಲ್ಲಿ ಪೋಷಕರ ಪಾತ್ರ ಎಂಬ ವಿಷಯ ಕೊಟ್ಟಿದ್ದಾರೆ. ನನ್ನ ಪಾತ್ರ ಹೇಳಿಕೊಳ್ಳುವಂಥದ್ದಲ್ಲ. ಬದಲಿಗೆ ನಮ್ಮ ಗ್ಯಾರೇಜಿನಲ್ಲಿ ನಡೆದದ್ದನ್ನು ಹೇಳುತ್ತೇನೆ.

ಡಿಟ್ರಾಯ್ಟ್ ಪಕ್ಕದಲ್ಲಿರುವ ನಮಗೆ ಹಳೆಯ ಫೋರ್ಡಿನ ಹುಚ್ಚು ಹಿಡಿಯುವುದು ಆಶ್ಚರ್ಯವಲ್ಲ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಕೈಗೆಟುಕುವ ವಿ-8 ಎಂಜಿನ್ ತಂದಿತು. 65 ಅಶ್ವಶಕ್ತಿ. ಕ್ಯಾಲಿಫೋರ್ನಿಯಾದ ಹುಡುಗರು ಅಂಥ ಕಾರುಗಳ ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ, ಒಣಗಿದ ಕೆರೆಗಳ ಬಯಲಲ್ಲಿ ಓಡಿಸಿದರು. ಅವೇ ಹಾಟ್ ರಾಡ್. ನಾನು ಕೊಂಡದ್ದು ಅಂಥದೇ ಒಂದು. ಒಳಗಿದ್ದದ್ದು 1950ರ ಸುಮಾರಿನ ಫ್ಲಾಟ್‌ಹೆಡ್ ಎಂಜಿನ್.

ಎಂಜಿನ್ ಬಿಚ್ಚಿದಾಗ ಮಗಳಿಗೆ 14. ಈ ಎಂಜಿನ್‌ನಲ್ಲಿ ವಾಲ್ವ್‌ಗಳು ಬ್ಲಾಕಿನೊಳಗೇ ಕೂತಿರುತ್ತವೆ. ಹೆಡ್ ಎಂದರೆ ಚಪ್ಪಟೆ ಮುಚ್ಚಳ ಅಷ್ಟೇ. ವಾಲ್ವ್ ಸೀಟಿನಿಂದ ಸಿಲಿಂಡರಿಗೆ ಬಿರುಕು ಬಿಡುವುದು ಇದರ ಹಳೆಯ ರೋಗ. ಹಾಗಾಗಿ ಮೊದಲು ಬ್ಲಾಕನ್ನು ಕಾಂತೀಯ ಪುಡಿಯ ಪರೀಕ್ಷೆಗೆ ಕಳಿಸಿದೆವು. ಪುಣ್ಯಕ್ಕೆ ಪಾಸಾಯಿತು. ನೀರಿನ ದಾರಿಗಳಲ್ಲಿ ತುಕ್ಕಿನ ಜೊತೆ ಎರಕದ ಮರಳೂ ಸಿಕ್ಕಿತು. ಅದನ್ನೆಲ್ಲ ತಂತಿ ಹಾಕಿ ಕೆರೆದು ತೆಗೆದವಳು ಅವಳೇ. ಸ್ಪಾರ್ಕ್ ಪ್ಲಗ್ಗಿನ ವೈರುಗಳಿಗೆ ಬಿಳಿ ಟೇಪು ಸುತ್ತಿ, ನಿಮ್ಮಲ್ಲಿ ಕಲಿತ ಅಂಕಿಗಳಲ್ಲಿ ೧, ೫, ೪, ೮, ೬, ೩, ೭, ೨ ಎಂದು ಕಿಡಿ ಹೊತ್ತುವ ಸರದಿಯಂತೆ ಬರೆದು ಜೋಡಿಸಿದಳು. ಪಾತ್ರೆ ತೊಳೆಯುವಾಗಲೂ ಅದನ್ನೇ ಮಗ್ಗಿಯಂತೆ ಹೇಳುತ್ತಿದ್ದಳು.

ಎಂಜಿನ್ ಶುರುವಾಯಿತು. ಆದರೆ ಎಳೆತವೇ ಇಲ್ಲ, ಹದಿನೈದು ನಿಮಿಷಕ್ಕೆ ನೀರು ಕುದಿಯುತ್ತದೆ. ರೇಡಿಯೇಟರ್ ತೊಳೆದೆ. ಎರಡೂ ನೀರಿನ ಪಂಪು ಬದಲಿಸಿದೆ (ಹೌದು, ಇದಕ್ಕೆ ಎರಡು). ಥರ್ಮೋಸ್ಟಾಟ್ ಬದಲಿಸಿದೆ. ಕೊನೆಗೆ ತಾಳ್ಮೆ ಕಳೆದುಕೊಂಡು, "ನೀನೇ ವೈರು ತಪ್ಪಾಗಿ ಹಾಕಿದ್ದೀಯ" ಎಂದು ಗದರಿ, ಟೇಪುಗಳನ್ನೆಲ್ಲ ಕಿತ್ತೆಸೆದು ನಾನೇ ಜೋಡಿಸಿದೆ. ಬೇರೆ ಕಂಪನಿಯ ವಿ-8ಗಳಲ್ಲಿ ಒಂದು ಸಾಲು ಬೆಸ, ಇನ್ನೊಂದು ಸರಿ ಎಂದು ಎಣಿಸುವುದುಂಟು. ಫೋರ್ಡಿನಲ್ಲಿ ಹಾಗಲ್ಲ; ಬಲಕ್ಕೆ 1ರಿಂದ 4, ಎಡಕ್ಕೆ 5ರಿಂದ 8. ಕೀಲಿ ತಿರುಗಿಸಿದೆ. ಕಾರ್ಬುರೇಟರ್ ಬಾಯಿಂದ ಢಮಾರ್ ಎಂದು ಬೆಂಕಿ ಬಂತು.

ಮಗಳು ಮೂರು ವಾರ ಗ್ಯಾರೇಜಿಗೆ ಕಾಲಿಡಲಿಲ್ಲ. ಶನಿವಾರ ಇಲ್ಲಿಗೆ ಬಿಡಲು ಬರುವಾಗಲೂ ಕಾರಿನಲ್ಲಿ ಮಾತಿಲ್ಲ. ನಾನೂ ಸುಮ್ಮನಿದ್ದೆ. ತಪ್ಪಾಯಿತು ಎನ್ನುವುದು ನಮ್ಮಂಥ ಅಪ್ಪಂದಿರಿಗೆ ಯಾವ ಭಾಷೆಯಲ್ಲೂ ಸುಲಭವಲ್ಲ ನೋಡಿ.

ನನ್ನ ತಂದೆ ಹುಬ್ಬಳ್ಳಿಯಲ್ಲಿ ಅಂಬಾಸಡರ್ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದವರು. ಅವರಿಗೆ ಇಂಗ್ಲಿಷ್ ಬಾರದು. ನಾನು ಎಂಜಿನಿಯರ್, ಹಾಗಾಗಿ ಅವರನ್ನು ಕೇಳುವ ಯೋಚನೆಯೇ ನನಗೆ ಬಂದಿರಲಿಲ್ಲ. ಮೊಮ್ಮಗಳು ಕೇಳಿದ್ದಳು. ಒಂದು ಭಾನುವಾರ ನೋಡಿದರೆ ವೈರುಗಳ ಮೇಲೆ ಮತ್ತೆ ಬಿಳಿ ಟೇಪು, ಅವಳ ಒಂದು ಕೈಯಲ್ಲಿ ಟೈಮಿಂಗ್ ಲೈಟು, ಬೆಂಚಿನ ಮೇಲೆ ಫೋನಿನಲ್ಲಿ ಅಜ್ಜ.

"ರೇಸ್ ಕೊಟ್ಟಾಗ ಪುಲ್ಲಿ ಮ್ಯಾಲಿನ ಗೆರಿ ಸರೀತೈತೇನವಾ?"

"ಇಲ್ಲ ಅಜ್ಜಾ, ನಿಂತಲ್ಲೇ ನಿಂತೈತಿ."

"ಹಂಗಾದ್ರ ಅಡ್ವಾನ್ಸ್ ಸತ್ತೈತಿ. ನಿಮ್ಮಪ್ಪ ಏನ್ ಬದ್ಲಿ ಮಾಡ್ಯಾನ ಕೇಳು."

ನಾನು ಬದಲಿಸಿದ್ದು ಕಾರ್ಬುರೇಟರ್. ಅಂದಕ್ಕೆಂದು ಸ್ಟ್ರಾಂಬರ್ಗ್ 97 ಒಂದು ಜೋಡಿ ಹಾಕಿದ್ದೆ. ವೇಗ ಹೆಚ್ಚಿದಂತೆ ಕಿಡಿ ಬೇಗ ಬೇಗ ಬರಬೇಕು. ಅಂಬಾಸಡರಿನ ಡಿಸ್ಟ್ರಿಬ್ಯೂಟರಿನಲ್ಲಿ ಆ ಕೆಲಸಕ್ಕೆ ತಿರುಗುವ ತೂಕಗಳೂ ಇವೆ. ನಮ್ಮ ಎಂಜಿನ್ನಿನದರಲ್ಲಿ ತೂಕಗಳೇ ಇಲ್ಲ. ಮೂಲ ಕಾರ್ಬುರೇಟರಿನಿಂದ ಬರುವ ನಿರ್ವಾತದ ಎಳೆತವೊಂದೇ ಆಧಾರ. ಸ್ಟ್ರಾಂಬರ್ಗ್‌ನಲ್ಲಿ ಆ ದಾರಿಯಿಲ್ಲ. ಕಿಡಿ ತಡವಾದರೆ ಉರಿ ಮುಗಿಯುವ ಮೊದಲೇ ಹೊಗೆ ಹೊರಡುತ್ತದೆ; ಫ್ಲಾಟ್‌ಹೆಡ್‌ನಲ್ಲಿ ಆ ಬಿಸಿ ಹೊಗೆ ಬ್ಲಾಕಿನೊಳಗಿಂದಲೇ, ನೀರಿನ ಪಕ್ಕದಲ್ಲೇ ಹಾದು ಹೋಗಬೇಕು. ರೇಡಿಯೇಟರ್ ಪಾಪ ಏನು ಮಾಡೀತು?

ಹೊಳೆಯುವ ಜೋಡಿ ಕಪಾಟು ಸೇರಿತು. ಹಳೆಯ ಒಂಟಿ ಕಾರ್ಬುರೇಟರ್ ವಾಪಸ್ ಬಂತು. ಗೆರೆ ಸರಿಯಿತು. ನಲವತ್ತು ನಿಮಿಷ ಓಡಿಸಿದರೂ ನೀರು ಕುದಿಯಲಿಲ್ಲ. ಆ ಸಂಜೆ ನಾನು ಅವಳಿಗೆ ಹೇಳಿದೆ: "ತಪ್ಪು ನಂದು ಪುಟ್ಟಿ. ನಿನ್ನ ವೈರು ಸರಿಯಾಗೇ ಇತ್ತು." ಅವಳು, "ಅಜ್ಜಂಗೂ ಹೇಳು ಅಪ್ಪಾ" ಎಂದಳು. ಹೇಳಿದೆ. ಅವರು ನಗಲಿಲ್ಲ, ಎಂಜಿನ್ ಸದ್ದು ಇನ್ನೊಮ್ಮೆ ಕೇಳಿಸು ಎಂದರು.

ಈಗ ಭಾನುವಾರದ ಫೋನು ಅವರಿಬ್ಬರದೇ. ನನ್ನನ್ನು ಕರೆಯುವುದು ಸ್ಪ್ಯಾನರ್ ಹಿಡಿಯಲು.

ಕಾರು ಹೊರಗೆ ಪಾರ್ಕಿಂಗ್‌ನಲ್ಲಿದೆ. ಊಟವಾದ ಮೇಲೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಎಕ್ಸಾಸ್ಟ್ ಪೈಪ್ ಮಾತ್ರ ಯಾರೂ ಮುಟ್ಟಬೇಡಿ. ಸ್ಟಾರ್ಟ್ ಮಾಡುವವಳು ಅವಳು.