ವೂಸ್ಟರ್ ಪ್ರಧಾನಾಲಯದ ದಾನಪತ್ರಗಳು

(ಶತಮಾನೋತ್ಸವದ ಸಭೆಯಲ್ಲಿ ನೀಡಿದ ಉಪನ್ಯಾಸ)



ಶತಮಾನೋತ್ಸವವೆಂದರೆ ಹಿರಿಯರನ್ನು ಸ್ಮರಿಸುವ ಪುಣ್ಯಕಾಲ. ದೇವಾಲಯವನ್ನು ಕಟ್ಟಿದವರನ್ನು ನಾವು ತಪ್ಪದೆ ನೆನೆಯುತ್ತೇವೆ. ಆದರೆ ಅದು ನಿಂತಿರುವ ನೆಲವನ್ನು ಕೊಟ್ಟವರನ್ನೂ, ಕೊಟ್ಟುದಕ್ಕೆ ಆಧಾರವಾದ ಪತ್ರವನ್ನು ಜೋಪಾನವಾಗಿ ಕಾಪಾಡಿದವರನ್ನೂ ನೆನೆಯುವುದು ಅಪರೂಪ. ಆದುದರಿಂದ ಈ ಹೊತ್ತು ಇಂಗ್ಲೆಂಡಿನ ವೂಸ್ಟರ್ ಪ್ರಧಾನಾಲಯದ ದಾನಪತ್ರಗಳ ಕಥೆಯನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ.

ಸೆವರ್ನ್ ನದಿಯ ದಡದ ವೂಸ್ಟರ್ ನಗರದಲ್ಲಿ ಸುಮಾರು 680ರಲ್ಲಿ ಧರ್ಮಾಧ್ಯಕ್ಷ ಪೀಠವು ಸ್ಥಾಪನೆಯಾಯಿತು. ಅಂದಿನಿಂದ ಅರಸರೂ ಸಾಮಂತರೂ ತಮ್ಮ ಆತ್ಮದ ಕ್ಷೇಮಕ್ಕಾಗಿ ಭೂಮಿಯನ್ನು ದೇವರಿಗೆ ಅರ್ಪಿಸುತ್ತ ಬಂದರು. 736ರಲ್ಲಿ ಮರ್ಸಿಯಾದ ಅರಸ ಏಥೆಲ್‌ಬಾಲ್ಡನು ಕಿನೆಬರ್ಟ್ ಎಂಬ ಸಾಮಂತನಿಗೆ, ಸ್ಟೂರ್ ಎಂಬ ನದಿಯ ಬಳಿ ಮಠವೊಂದನ್ನು ಕಟ್ಟುವುದಕ್ಕಾಗಿ, 10 ಹೈಡ್ ಭೂಮಿಯನ್ನು ಕೊಟ್ಟನು. ಒಂದು ಕುಟುಂಬದ ಪೋಷಣೆಗೆ ಸಾಲುವಷ್ಟು ನೆಲಕ್ಕೆ ಹೈಡ್ ಎಂದು ಹೆಸರು. ವೂಸ್ಟರಿನ ಪತ್ರಭಂಡಾರದಲ್ಲಿ ಉಳಿದುಬಂದ ಈ ಶಾಸನದ ಮೂಲ ಚರ್ಮಪತ್ರವೇ ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ದಾನವೆಂದರೆ ಭೂದಾನ ಮಾತ್ರವಲ್ಲ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಡೇನರ ಹಾವಳಿಗೆ ಹೆದರಿ ವೂಸ್ಟರಿಗೆ ಕೋಟೆ ಕಟ್ಟಿದಾಗ, ಧರ್ಮಾಧ್ಯಕ್ಷ ವೇರ್‌ಫರ್ತರ ಬಿನ್ನಹವನ್ನು ಮನ್ನಿಸಿ ಮರ್ಸಿಯಾದ ಅಧಿಪತಿ ಏಥೆಲ್‌ರೆಡನೂ ಅವನ ಪತ್ನಿ ಏಥೆಲ್‌ಫ್ಲೆಡಳೂ, ಪೇಟೆಯಿಂದಲೂ ಬೀದಿಗಳಿಂದಲೂ ತಮಗೆ ಸಲ್ಲುವ ಆದಾಯದಲ್ಲಿ ಅರ್ಧವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟರು. ಆದರೆ ಡ್ರಾಯ್ಟ್‌ವಿಚ್ ಎಂಬಲ್ಲಿ ಉಪ್ಪಿನ ಬಂಡಿಗಳ ಮೇಲೆ ಬರುವ ಸುಂಕವು ಅರಸನಿಗೇ ಸೇರತಕ್ಕದ್ದು ಎಂಬ ನಿಯಮವೂ ಅದರಲ್ಲಿದೆ. ಇದಕ್ಕೆ ಪ್ರತಿಯಾಗಿ ದೇವಾಲಯದವರು ಒಪ್ಪಿಕೊಂಡುದೇನು? ದಂಪತಿಗಳ ಜೀವಿತಕಾಲದಲ್ಲಿಯೂ ಮರಣಾನಂತರವೂ ನಿತ್ಯ ಪ್ರಾರ್ಥನೆ, ಪ್ರತಿ ಶನಿವಾರ 30 ಕೀರ್ತನೆಗಳು ಮತ್ತು ಒಂದು ದಿವ್ಯ ಬಲಿಪೂಜೆ. ಪಡೆದವರ ಮೇಲೂ ಋಣವಿತ್ತೆಂಬುದನ್ನು ನಾವು ಗಮನಿಸಬೇಕು.

961ರಲ್ಲಿ ಸಂತ ಆಸ್ವಾಲ್ಡರು ವೂಸ್ಟರಿನ ಧರ್ಮಾಧ್ಯಕ್ಷರಾದರು. 992ರ ತಪಸ್ಸುಕಾಲದಲ್ಲಿ ಬಡವರ ಪಾದಗಳನ್ನು ತೊಳೆದ ಬಳಿಕ ಅಲ್ಲಿಯೇ ಪ್ರಾಣಬಿಟ್ಟ ಪುಣ್ಯಪುರುಷರಿವರು. ದೇವಾಲಯದ ವಿಶಾಲ ಭೂಮಿಯನ್ನು ಇವರು ಗೇಣಿಗೆ ಕೊಟ್ಟರು. ಇಂತಹ 70ಕ್ಕೂ ಹೆಚ್ಚು ಗೇಣಿಪತ್ರಗಳ ಪಾಠ ನಮಗೆ ದೊರೆತಿದೆ. ಸಾಮಾನ್ಯವಾಗಿ ಗೇಣಿಯ ಅವಧಿ ಮೂವರ ಜೀವಿತಕಾಲ. ಪಡೆದವನು, ಅವನ ತರುವಾಯ ಒಬ್ಬ, ಅವನ ತರುವಾಯ ಇನ್ನೊಬ್ಬ. ಮೂರನೆಯವನು ತೀರಿಕೊಂಡೊಡನೆ ಭೂಮಿಯು ದೇವಾಲಯಕ್ಕೆ ಹಿಂದಿರುಗತಕ್ಕದ್ದು. ಪತ್ರದ ಒಕ್ಕಣೆ ಲತೀನಿನಲ್ಲಿದ್ದರೂ, ಎಲ್ಲೆಗಳನ್ನು ವಿವರಿಸುವ ಚಕ್ಕುಬಂದಿಯು ಜನರ ಆಡುಭಾಷೆಯಾದ ಹಳೆಯ ಇಂಗ್ಲಿಷಿನಲ್ಲಿರುತ್ತಿತ್ತು. ಹಳ್ಳ, ಹಳೆಯ ಕಂದಕ, ಮುಳ್ಳಿನ ಮರ ಎಂದು ಊರವರು ಕಾಲ್ನಡಿಗೆಯಲ್ಲಿ ಗುರುತಿಸಬಲ್ಲ ಕುರುಹುಗಳೇ ಅಲ್ಲಿ ಸಾಕ್ಷಿ. ಒಂದೇ ಚರ್ಮದ ಮೇಲೆ ಪಾಠವನ್ನು ಎರಡು ಮೂರು ಬಾರಿ ಬರೆದು, ನಡುವೆ ದೊಡ್ಡ ಅಕ್ಷರಗಳನ್ನು ಬರೆದು, ಆ ಅಕ್ಷರಗಳ ಮೇಲೆಯೇ ಕತ್ತರಿಸಿ ಹಂಚಿಕೊಳ್ಳುವ ಪದ್ಧತಿಯೂ ಆ ಕಾಲದಲ್ಲಿತ್ತು. ವ್ಯಾಜ್ಯ ಬಂದಾಗ ತುಂಡುಗಳನ್ನು ಜೋಡಿಸಿ ನೋಡಿದರೆ ಸತ್ಯವು ಹೊರಬೀಳುತ್ತಿತ್ತು.

ಇಷ್ಟೆಲ್ಲ ಎಚ್ಚರವಿದ್ದರೂ ಭೂಮಿ ಉಳಿಯಿತೇ? ಬಹಳಷ್ಟು ಉಳಿಯಲಿಲ್ಲ. ಅವಧಿ ಮುಗಿದರೂ ವಾರಸುದಾರರು ಭೂಮಿಯನ್ನು ಬಿಟ್ಟುಕೊಡಲಿಲ್ಲ. ಡೇನರ ಅರಸರ ಕಾಲದ ಭಾರವಾದ ಕಂದಾಯಕ್ಕಾಗಿ ದೇವಾಲಯದ ಬೆಳ್ಳಿಯ ಆಭರಣಗಳನ್ನೇ ಕರಗಿಸಬೇಕಾಯಿತು; ಗೊತ್ತಾದ ದಿನ ಕಂದಾಯ ಕಟ್ಟಲಾಗದವರ ಭೂಮಿಯನ್ನು ಹಣ ಕಟ್ಟಿದ ಇತರರು ಪಡೆದುಕೊಂಡರು. 1066ರ ತರುವಾಯ ನಾರ್ಮನ್ ಅಧಿಕಾರಿಗಳೂ ತಮ್ಮ ಪಾಲನ್ನು ಕಬಳಿಸಿದರು. ಈ ನೋವಿನ ಕಥೆಯನ್ನು ನಮಗೆ ತಿಳಿಸಿದವನು ಹೆಮಿಂಗ್ ಎಂಬ ವೂಸ್ಟರಿನ ಮಠವಾಸಿ.

ಅವನಿಗೆ ಆ ಕಾರ್ಯವನ್ನು ವಹಿಸಿದವರು 1062ರಿಂದ 1095ರವರೆಗೆ ಧರ್ಮಾಧ್ಯಕ್ಷರಾಗಿದ್ದ ಸಂತ ವುಲ್ಫ್‌ಸ್ಟನ್ನರು. ಇವರು ಪತ್ರಗಳ ಪೆಟ್ಟಿಗೆಯನ್ನು ತಮ್ಮ ಎದುರಿನಲ್ಲಿಯೇ ತೆರೆಸಿ, ಹಳೆಯ ಶಾಸನಗಳನ್ನೆಲ್ಲ ಪರಿಶೀಲಿಸಿ, ಜೀರ್ಣವಾದುವನ್ನು ಸರಿಪಡಿಸಿ, ಗ್ರಂಥರೂಪದಲ್ಲಿ ಬರೆಯಿಸಲು ಆಜ್ಞಾಪಿಸಿದರು. 1089ರಲ್ಲಿ ತಾವೇ ಒಂದು ದಾನಪತ್ರವನ್ನು ಬರೆಯಿಸಿ, ಬಲಿಷ್ಠರ ಕೈಯಿಂದ ಬಹು ಶ್ರಮಪಟ್ಟು ಬಿಡಿಸಿಕೊಂಡ ಆಲ್ವೆಸ್ಟನ್ನಿನ 15 ಹೈಡ್ ಭೂಮಿಯನ್ನು ಮಠಕ್ಕೆ ಕೊಟ್ಟರು. ಹನ್ನೆರಡಕ್ಕಿಂತ ತುಸು ಹೆಚ್ಚಿದ್ದ ಮಠವಾಸಿಗಳ ಸಂಖ್ಯೆ ಆಗ 50ಕ್ಕೆ ಏರಿತ್ತು. ಭೂಮಿಯ ಗೊಡವೆ ಅವರಿಗೆ ಏತಕ್ಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪತ್ರವೊಂದೇ ಸಾಲದೆಂಬುದಕ್ಕೆ ಈವ್‌ಶಮ್ ಮಠದೊಡನೆ ನಡೆದ ವ್ಯಾಜ್ಯವೇ ನಿದರ್ಶನ. ಹ್ಯಾಂಪ್ಟನ್ ಮತ್ತು ಬೆಂಜ್‌ವರ್ತ್ ಊರುಗಳಿಂದ ಸಲ್ಲಬೇಕಾದ ಹಕ್ಕುಗಳ ವಿಚಾರವದು. ಅರಸನ ಅಪ್ಪಣೆಯಂತೆ ಕೂತಾನ್ಸಿನ ಧರ್ಮಾಧ್ಯಕ್ಷ ಜಾಫ್ರಿಯವರು ವಿಚಾರಣೆ ನಡೆಸಿದರು. ಈವ್‌ಶಮ್ಮಿನ ಮಠಾಧಿಪತಿ ತಂದದ್ದು ಸಂತ ಎಕ್‌ವಿನ್ನರ ಪವಿತ್ರ ಅವಶೇಷಗಳನ್ನು, ಸಾಕ್ಷಿಗಳು ಅವರಿಗಿರಲಿಲ್ಲ. ವುಲ್ಫ್‌ಸ್ಟನ್ನರ ಪರವಾಗಿ, ಹಿಂದಿನ ಕಾಲದಲ್ಲಿ ಕಣ್ಣಾರೆ ಕಂಡವರು ಪ್ರಮಾಣಕ್ಕೆ ಸಿದ್ಧರಾಗಿ ನಿಂತರು. ಧರ್ಮಾಧ್ಯಕ್ಷರ ಹಡಗಿನ ಚುಕ್ಕಾಣಿ ಹಿಡಿದಿದ್ದ ಎಡ್ರಿಕನೂ ಅವರಲ್ಲಿ ಒಬ್ಬ. ಮಠಾಧಿಪತಿಯು ತನ್ನ ವಾದವನ್ನು ಬಿಟ್ಟುಕೊಟ್ಟನು.

ಸತ್ಯವನ್ನು ಪೂರ್ಣವಾಗಿ ಹೇಳುವುದಾದರೆ ಇನ್ನೊಂದು ಮಾತನ್ನೂ ಮುಚ್ಚಿಡಲಾಗದು. 300 ಹೈಡ್ ವಿಸ್ತಾರದ ಆಸ್ವಾಲ್ಡ್‌ಸ್ಲೊ ಪ್ರದೇಶದಲ್ಲಿ ಅರಸನ ಅಧಿಕಾರಿಗೆ ಪ್ರವೇಶವಿಲ್ಲವೆಂಬ ವೂಸ್ಟರಿನ ಹಕ್ಕನ್ನು 1086ರ ಡೂಮ್ಸ್‌ಡೇ ಗ್ರಂಥವು ದಾಖಲಿಸಿದೆ. ಆದರೆ ಆ ಹಕ್ಕನ್ನು ಎಡ್ಗರ್ ಅರಸನೇ 964ರಲ್ಲಿ ಕೊಟ್ಟನೆಂದು ಸಾರುವ ಶಾಸನವು ಅಂದಿನದಲ್ಲ, 12ನೆಯ ಶತಮಾನದಲ್ಲಿ ಹೆಣೆದದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ದೇವರ ಮನೆಯ ಹಿತಕ್ಕಾಗಿಯೇ ಆದರೂ ಸುಳ್ಳು ಸುಳ್ಳೇ. ಅದು ಪಕ್ಕದಲ್ಲಿರುವ ನಿಜವಾದ ಪತ್ರಗಳ ಮೇಲೂ ಸಂಶಯದ ನೆರಳನ್ನು ಚೆಲ್ಲುತ್ತದೆ.

ಮುಂದೆ ಎಂಟನೆಯ ಹೆನ್ರಿಯ ಕಾಲದಲ್ಲಿ, 1540ರಲ್ಲಿ, ಮಠವನ್ನು ಮುಚ್ಚಲಾಯಿತು. ಪ್ರಧಾನಾಲಯವು ಇಂದು ಆಂಗ್ಲಿಕನ್ ಸಭೆಯ ವಶದಲ್ಲಿದೆ. ಹೆಮಿಂಗನ ಗ್ರಂಥವು 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಭವನದ ಬೆಂಕಿಗೆ ಸಿಕ್ಕಿ, ಅಂಚು ಸುಟ್ಟುಕೊಂಡು, ಹೇಗೋ ಉಳಿದುಕೊಂಡಿತು. ಅರಸರು ಶಾಶ್ವತವೆಂದು ಕೊಟ್ಟ ಭೂಮಿ ಕೈಬಿಟ್ಟಿತು. ಮಠವಾಸಿಯೊಬ್ಬನು ತಾಳ್ಮೆಯಿಂದ ಬರೆದಿಟ್ಟ ನೆನಪು ಉಳಿಯಿತು.

ಪ್ರಿಯರೇ, ದಾನಪತ್ರವು ತನ್ನನ್ನು ತಾನು ಕಾಯಲಾರದು. ಅದನ್ನು ತೆರೆದು ಓದುವವರು, ಹುಳು ಹಿಡಿಯದಂತೆ ನೋಡಿಕೊಳ್ಳುವವರು, ಅದರಲ್ಲಿರುವುದು ನಿಜವೆಂದು ನಿಂತು ನುಡಿಯುವವರು ಬೇಕು. ಪಡೆದುದನ್ನು ಅವಧಿಗೆ ಹಿಂದಿರುಗಿಸುವ ಮನಸ್ಸೂ ಬೇಕು. ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ, ವಿವಾಹದ, ಮರಣದ ದಫ್ತರಗಳೂ ನೆಲದ ಕಾಗದಗಳೂ ನಮ್ಮ ಪಾಲಿನ ಪೆಟ್ಟಿಗೆ. ಈ ನೆಲದ ಮೇಲೆ ನಾವೂ ಜೀವಿತಕಾಲದ ಗೇಣಿದಾರರೇ, ಒಡೆಯನು ದೇವರು. ದಾನಿಗಳ ಆತ್ಮಗಳಿಗೆ ಸಲ್ಲಬೇಕಾದ ಪ್ರಾರ್ಥನೆಯನ್ನು ಮರೆಯದೆ ಸಲ್ಲಿಸಿ, ಈ ಸ್ವತ್ತನ್ನು ಕಳಂಕವಿಲ್ಲದೆ ಮುಂದಿನವರ ಕೈಗೆ ಒಪ್ಪಿಸುವ ಕೃಪೆಯನ್ನು ಪ್ರಭುವು ನಮಗೆಲ್ಲರಿಗೂ ದಯಪಾಲಿಸಲಿ.