ಬಿಸಿಲಿನಲ್ಲಿ ಹುಟ್ಟಿದ ಬಿಎಚ್‌ಸಿ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಿರಲಿ, ಹರಿಹರದ ಕಡೆಯಿರಲಿ, ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆದ ಹಿರಿಯರಿರುವ ಮನೆಗಳಲ್ಲಿ ಬಿಎಚ್‌ಸಿ ಪುಡಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕಮಟು ವಾಸನೆಯ ಆ ಕೀಟನಾಶಕ ತಯಾರಾಗುತ್ತಿದ್ದುದು ಬೆಳಕಿನ ಬಲದಿಂದ.

1825ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ, ದೀಪದ ಗ್ಯಾಸನ್ನು ಒತ್ತಿ ತುಂಬಿದಾಗ ತಳದಲ್ಲಿ ನಿಲ್ಲುತ್ತಿದ್ದ ಎಣ್ಣೆಯಿಂದ ಬೆಂಜೀನನ್ನು ಬೇರ್ಪಡಿಸಿದರು. ಅದಕ್ಕೆ ಕ್ಲೋರಿನ್ ಕೂಡಿಸಿ ಬಿಸಿಲಿಗಿಟ್ಟರು, ಹರಳು ಕಟ್ಟಿತು. ಒಳಗೆ ನಡೆದದ್ದು ತಿಳಿಯಲು ಮುಂದಿನ ಶತಮಾನವೇ ಬರಬೇಕಾಯಿತು. ಬೆಳಕು ಕ್ಲೋರಿನ್ ಅಣುವನ್ನು ಎರಡಾಗಿ ಸೀಳುತ್ತದೆ. ಜೊತೆಯಿಲ್ಲದ ಎಲೆಕ್ಟ್ರಾನ್ ಹೊತ್ತ ಆ ಪರಮಾಣುವೇ ರ‍್ಯಾಡಿಕಲ್. ಅದು ಬೆಂಜೀನ್ ಉಂಗುರಕ್ಕೆ ಅಂಟಿಕೊಂಡರೆ ಉಂಗುರವೂ ರ‍್ಯಾಡಿಕಲ್ ಆಗಿ ಇನ್ನೊಂದು ಕ್ಲೋರಿನ್ ಅಣುವನ್ನು ಒಡೆಯುತ್ತದೆ. ಪಟಾಕಿ ಸರಕ್ಕೆ ಕಿಡಿ ತಾಕಿದಂತೆ ಕ್ರಿಯೆ ಸಾಗಿ, ಉಂಗುರದ ಸುತ್ತ ಆರು ಕ್ಲೋರಿನ್ ಸೇರುತ್ತವೆ. ಅದೇ ಬಿಎಚ್‌ಸಿ.

ತೊಡಕಿರುವುದು ಇಲ್ಲೇ. ಒಂದೊಂದು ಕ್ಲೋರಿನ್ನೂ ಉಂಗುರದ ಮೇಲ್ಭಾಗದಲ್ಲೂ ಕೂರಬಹುದು, ಕೆಳಭಾಗದಲ್ಲೂ ಕೂರಬಹುದು. ಹಾಗಾಗಿ ಸಿಗುವುದು ಹಲವು ರೂಪಗಳ ಬೆರಕೆ. 1912ರಲ್ಲಿ ಡಚ್ ವಿಜ್ಞಾನಿ ವಾನ್ ಡರ್ ಲಿಂಡೆನ್ ಆ ರೂಪಗಳನ್ನು ಬೇರೆ ಮಾಡಿದರು. ಕೀಟ ಕೊಲ್ಲುವುದು ಗ್ಯಾಮಾ ರೂಪವೊಂದೇ ಎಂದು 1940ರ ದಶಕದಲ್ಲಿ ಗೊತ್ತಾಯಿತು. ಅದಕ್ಕೆ ಅವರ ಹೆಸರಿನಿಂದಲೇ ಲಿಂಡೇನ್ ಎಂದರು. ಬೆರಕೆಯಲ್ಲಿ ಅದರ ಪಾಲು ಶೇಕಡ 10ರಿಂದ 15 ಅಷ್ಟೆ. ಉಳಿದದ್ದು ಹುಳ ಕೊಲ್ಲುವ ಕೆಲಸಕ್ಕೆ ಬರುವುದಿಲ್ಲ. ಅದರಲ್ಲೂ ಬೀಟಾ ರೂಪ ಮೈಯ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಅಗ್ಗವೆಂದು ನಮ್ಮ ದೇಶದಲ್ಲಿ ಬೆರಕೆಯನ್ನು ಇಡಿಯಾಗಿಯೇ ಎರಚಿದೆವು. ಇದು ರೈತರ ತಪ್ಪಲ್ಲ. ಅವರ ಕೈಗೆ ಸಿಕ್ಕಿದ್ದೇ ಅದು. ಬಿಎಚ್‌ಸಿಗೆ ನಿಷೇಧ ಬಂದದ್ದು 1997ರಲ್ಲಿ, ಲಿಂಡೇನ್ ಬಳಕೆ ಪೂರ್ತಿ ನಿಂತದ್ದು 2013ರಲ್ಲಿ.

ಅದೇ 1912ರಲ್ಲಿ ಇಟಲಿಯ ಜಾಕೊಮೊ ಚಾಮಿಚಾನ್ ನ್ಯೂಯಾರ್ಕಿನಲ್ಲಿ ನಿಂತು, ಮುಂದಿನ ಕೈಗಾರಿಕೆ ಕಲ್ಲಿದ್ದಲು ಬಿಟ್ಟು ಬಿಸಿಲನ್ನು ನೆಚ್ಚಬೇಕೆಂದು ವಾದಿಸಿದರು. ಅವರ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಆದರೂ ಬಿಎಚ್‌ಸಿ ಕಲಿಸಿದ ಪಾಠವೊಂದಿದೆ: ಬೆಳಕು ರ‍್ಯಾಡಿಕಲ್ಲನ್ನು ಹುಟ್ಟಿಸುತ್ತದೆ, ಆದರೆ ಅದು ಎಲ್ಲಿ ಹೋಗಿ ಸೇರಬೇಕೆಂಬುದನ್ನು ಹೇಳಿಕೊಡುವುದಿಲ್ಲ. ಆ ಕಡಿವಾಣವನ್ನು ರಸಾಯನಶಾಸ್ತ್ರಜ್ಞರು ಈಗೀಗ ಕಲಿಯುತ್ತಿದ್ದಾರೆ. 2008ರಲ್ಲಿ ಅಮೆರಿಕದ ಮ್ಯಾಕ್‌ಮಿಲನ್ ಮತ್ತು ಯೂನ್ ಅವರ ತಂಡಗಳು ರುಥೇನಿಯಂ ಸಂಯುಕ್ತವನ್ನು ವೇಗವರ್ಧಕವಾಗಿ ಬಳಸಿ, ಕಣ್ಣಿಗೆ ಕಾಣುವ ಸಾಧಾರಣ ಬೆಳಕಿನಲ್ಲೇ ಬೇಕಾದ ಅಣುಗಳನ್ನು ಕಟ್ಟಿ ತೋರಿಸಿದವು. ಅಲ್ಲಿಂದ ಈ ದಾರಿ ಅಗಲವಾಗಿದೆ.

ಕೊನೆಗೆ ಒಂದು ವಿನಂತಿ. ಹಳ್ಳಿಯ ಮನೆಯ ಅಟ್ಟದಲ್ಲೋ ಕಣಜದ ಮೂಲೆಯಲ್ಲೋ ಹಳೆಯ ಬಿಎಚ್‌ಸಿ ಚೀಲ ಉಳಿದಿದ್ದರೆ ನಾಲೆಗೆ ಸುರಿಯಬೇಡಿ, ಸುಡಲೂ ಬೇಡಿ. ಮಕ್ಕಳನ್ನು ದೂರವಿಟ್ಟು, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ.