ಕೊಳವೆಬಾವಿ ಕೊಡುವ ಮುನ್ನ ನಕ್ಷೆ ನೋಡೋಣ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಮಾಯಸಂದ್ರದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಕ್ಷೆಗೂ ಜನರ ಆರೋಗ್ಯಕ್ಕೂ ಇರುವ ಸಂಬಂಧದ ಬಗ್ಗೆ ಮಾತನಾಡಿ ಎಂದು ನಮಗೆ ಹೇಳಿದ್ದಾರೆ. ನಕ್ಷೆ ಅಂದರೆ ಶಾಲೆಯ ಗೋಡೆಗೆ ನೇತುಹಾಕುವ ಭೂಪಟ ಎಂದು ಮಕ್ಕಳು ತಿಳಿದಿರಬಹುದು. ಆದರೆ ನಮ್ಮ ಸೀಮೆಯ ತೆಂಗು ಬೆಳೆಗಾರರಿಗೆ ಈ ವಿದ್ಯೆ ಹೊಸದಲ್ಲ. ತೋಟದಲ್ಲಿ ಒಂದು ಮರಕ್ಕೆ ಅಣಬೆ ರೋಗ ಬಂದರೆ ಅವರು ಏನು ಮಾಡುತ್ತಾರೆ? ಅದು ಯಾವ ಸಾಲು, ಅಕ್ಕಪಕ್ಕದ ಮರಗಳು ಹೇಗಿವೆ, ನೀರು ಯಾವ ಕಡೆಯಿಂದ ಹರಿಯುತ್ತದೆ ಎಂದು ನೋಡುತ್ತಾರೆ. ರೋಗ ಬೇರಿನಿಂದ ಬೇರಿಗೆ ದಾಟದಂತೆ ಆ ಮರದ ಸುತ್ತ ಕಂದಕ ತೋಡುತ್ತಾರೆ. ರೋಗ ಎಲ್ಲಿದೆ ಎಂದು ತಿಳಿದ ಮೇಲೆ ತಾನೇ ಕಂದಕ ಎಲ್ಲಿ ತೋಡಬೇಕೆಂದು ಗೊತ್ತಾಗುವುದು? ಇವತ್ತು ನಾವು ಹೇಳುವುದೆಲ್ಲ ಇಷ್ಟೇ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಸೇವೆಯಲ್ಲಿದ್ದಾಗ ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ನಾವು ಕೆಲವು ಶಿಕ್ಷಕರು ಸೇರಿ ಪರಿಚಯದವರಿಂದ ಚಂದಾ ಎತ್ತಿ, ನೀರಿಲ್ಲದ ಒಂದು ಬೀದಿಗೆ ಕೊಳವೆಬಾವಿ ಹಾಕಿಸಿದೆವು. ನೀರು ಬಿತ್ತು. ಬೀದಿಯವರು ಸಿಹಿ ಹಂಚಿದರು. ಎಷ್ಟು ನೀರು ಬಂತು ಎಂದು ನೋಡಿದೆವೇ ಹೊರತು ಎಂಥ ನೀರು ಎಂದು ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಆ ಬೀದಿಯಿಂದ ಶಾಲೆಗೆ ಬರುವ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆಗಳು ಕಾಣಿಸಿಕೊಂಡವು. ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂದು ನಾವೇ ಆ ಮಕ್ಕಳನ್ನು ಗದರಿದೆವು. ಒಬ್ಬ ಹುಡುಗಿ ಪಾಠ ಓದುವಾಗಲೂ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ಕೆರೆಯಂಚಿನ ತೆರೆದ ಬಾವಿಯ ನೀರು ಕುಡಿಯುತ್ತಿದ್ದ ಬೀದಿಯ ಮಕ್ಕಳ ಹಲ್ಲು ಬೆಳ್ಳಗಿತ್ತು. ಇಷ್ಟು ಸರಳವಾದ ವಿಷಯ ನಮಗೆ ಬಹಳ ತಡವಾಗಿ ಹೊಳೆಯಿತು. ಏಕೆಂದರೆ ನಾವು ನೋಡುತ್ತಿದ್ದುದು ಹಾಜರಿ ಪುಸ್ತಕ. ಅದರಲ್ಲಿ ಒಂದೇ ಬೀದಿಯ ಮಕ್ಕಳ ಹೆಸರು ಬೇರೆ ಬೇರೆ ಕಡೆ ಚದುರಿರುತ್ತವೆ. ಬೀದಿಗಳ ಚಿತ್ರ ಬರೆದು ಒಂದೊಂದು ಮನೆಗೂ ಚುಕ್ಕೆ ಇಟ್ಟಿದ್ದರೆ ಒಂದೇ ದಿನದಲ್ಲಿ ತಿಳಿಯುತ್ತಿತ್ತು.

ಆ ಪಟ್ಟೆಗಳಿಗೆ ಕಾರಣ ಫ್ಲೋರೈಡ್. ತುಮಕೂರು ಜಿಲ್ಲೆಯಲ್ಲಿ ಪಾವಗಡ, ಶಿರಾ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ನಮ್ಮ ನೆಲದಡಿಯ ಗಟ್ಟಿ ಕಲ್ಲಿನಲ್ಲೇ ಅದು ಇದೆ. ಮಳೆಯ ನೀರಿನಲ್ಲೂ ಕೆರೆಯ ನೀರಿನಲ್ಲೂ ಸಾಮಾನ್ಯವಾಗಿ ಕಡಿಮೆ. ಆಳದ ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನಲ್ಲಿ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದರೆ, ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ, ಅಂದರೆ ಸುಮಾರು ಎಂಟು ವರ್ಷದೊಳಗಿನವರಿಗೆ, ಹಲ್ಲಿನ ಹೊಳಪು ಕೆಡುತ್ತದೆ. ಹೆಚ್ಚು ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಕೀಲು, ಬೆನ್ನು ಬಿಗಿಯುತ್ತವೆ. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ತಾಯಂದಿರು ಗಮನಿಸಬೇಕು: ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಒಮ್ಮೆ ಬಂದ ಕಲೆ ಉಜ್ಜಿದರೂ ಹೋಗುವುದಿಲ್ಲ. ಇರುವ ದಾರಿ ಎಂದರೆ ಬೇರೆ ನೀರು ಅಥವಾ ಸರಿಯಾಗಿ ಶುದ್ಧೀಕರಿಸಿದ ನೀರು.

ಕಷ್ಟವೆಂದರೆ ಒಂದು ಬಾವಿಯಲ್ಲಿ ಹೆಚ್ಚಿದ್ದರೆ ಪಕ್ಕದ ಬೀದಿಯ ಬಾವಿಯಲ್ಲಿ ಕಡಿಮೆ ಇರಬಹುದು. ತಾಲ್ಲೂಕಿನ ಸರಾಸರಿ ಕೇಳಿ ನೆಮ್ಮದಿಯಾಗಿರಲು ಆಗುವುದಿಲ್ಲ. ನಿಮ್ಮ ಮಗು ಸರಾಸರಿಯನ್ನು ಕುಡಿಯುವುದಿಲ್ಲ, ಒಂದು ಬಾವಿಯ ನೀರನ್ನು ಕುಡಿಯುತ್ತದೆ.

ಪಟ್ಟಿಯಲ್ಲಿ ಕಾಣದ್ದು ನಕ್ಷೆಯಲ್ಲಿ ಕಾಣುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಲಂಡನ್ನಿನದು. 1854ರಲ್ಲಿ ಅಲ್ಲಿನ ಸೋಹೊ ಬಡಾವಣೆಯಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ತೀರಿಕೊಂಡರು. ಕೆಟ್ಟ ಗಾಳಿಯೇ ಕಾರಣ ಎಂದು ಹೆಚ್ಚಿನವರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯರು ಸಾವಾದ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಹತ್ತಿರದಲ್ಲೇ ಬಡವರ ಆಶ್ರಯ ಗೃಹವೊಂದಿತ್ತು. ಅಲ್ಲಿದ್ದ 535 ಮಂದಿಯಲ್ಲಿ ಸತ್ತವರು 5 ಮಂದಿ ಮಾತ್ರ. ಅವರಿಗೆ ತಮ್ಮದೇ ಬಾವಿಯಿತ್ತು. ಗಾಳಿ ಎಲ್ಲರಿಗೂ ಒಂದೇ, ನೀರು ಬೇರೆ. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆ ತೆಗೆಸಿದರು. ಅಷ್ಟರಲ್ಲಿ ಕಾಯಿಲೆ ಇಳಿಮುಖವಾಗಿತ್ತು ಎಂಬುದನ್ನೂ ಹೇಳಬೇಕು. ಆದರೂ ಜಗತ್ತು ಕಲಿತ ಪಾಠ ದೊಡ್ಡದು.

ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ನಮ್ಮ ರೈತರು ಸರ್ವೆ ನಂಬರ್ ನೋಡಲು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆಯುತ್ತಾರಲ್ಲ, ಅದರ ಹಿಂದಿರುವುದೂ ಇದೇ ವಿದ್ಯೆ. ಅದನ್ನು ರೂಪಿಸಿದ್ದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಒಂದು ಹಾಳೆಯಲ್ಲಿ ಬಾವಿಗಳು, ಇನ್ನೊಂದರಲ್ಲಿ ಮನೆಗಳು, ಮತ್ತೊಂದರಲ್ಲಿ ಅಂಗನವಾಡಿ, ಶಾಲೆ, ಆಸ್ಪತ್ರೆ. ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಕೆಟ್ಟ ನೀರಿನ ಬಾವಿಯ ಹತ್ತಿರ ಎಷ್ಟು ಚಿಕ್ಕ ಮಕ್ಕಳಿದ್ದಾರೆ ಎಂದು ಕಾಣುತ್ತದೆ. ಪರೀಕ್ಷೆ ಮಾಡಿದ ಎರಡು ಬಾವಿಗಳ ನಡುವಿನ ಜಾಗದಲ್ಲಿ ಎಷ್ಟಿರಬಹುದೆಂದು ಲೆಕ್ಕ ಹಾಕಲೂ ಬರುತ್ತದೆ. ಆದರೆ ಅದು ಅಂದಾಜು. ಮೊದಲು ಎಲ್ಲಿ ಪರೀಕ್ಷೆ ಮಾಡಬೇಕೆಂದು ತೋರಿಸುತ್ತದೆ, ಪರೀಕ್ಷೆಯ ಬದಲಿಗೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲೇ ಇನ್ನೊಂದು ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನರಿಗೆ ಜ್ವರ ಬಂತು. ಅದೇ ಮಂಗನ ಕಾಯಿಲೆ, ಹರಡುವುದು ಉಣುಗಿನಿಂದ. ಅಲ್ಲಿ ಮಂಗ ಸತ್ತ ಜಾಗವೇ ಮೊದಲ ಎಚ್ಚರಿಕೆ. ಆ ಜಾಗವನ್ನು ಗುರುತಿಸಿ ಸುತ್ತಲಿನ ಹಳ್ಳಿಗಳಿಗೆ ತಿಳಿಸುತ್ತಾರೆ. ನಮ್ಮ ದೇಶದ ಮತ್ತು ಬ್ರಿಟನ್ನಿನ ಸಂಶೋಧಕರು ಸೇರಿ ಶಿವಮೊಗ್ಗದ ಕಾಡು, ತೋಟ, ದನಕರು, ಕಾಯಿಲೆಯ ಜಾಗಗಳನ್ನು ನಕ್ಷೆಯಲ್ಲಿ ಜೋಡಿಸಿ ನೋಡಿ 2020ರಲ್ಲಿ ವರದಿ ಪ್ರಕಟಿಸಿದರು. ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತು, ನಾಟಿ ದನಗಳು ಹೆಚ್ಚಿರುವ ಕಡೆ ಜನರಿಗೆ ಅಪಾಯ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಯಾವ ಊರಿಗೆ ಮೊದಲು ಹೋಗಬೇಕೆಂದು ಆರೋಗ್ಯ ಕಾರ್ಯಕರ್ತರಿಗೆ ಇದರಿಂದ ತಿಳಿಯುತ್ತದೆ.

ಇಲ್ಲಿ ಒಂದು ಮಾತು ಮನಸ್ಸು ಬಿಚ್ಚಿ ಹೇಳಬೇಕು. ಮನೆ ಮನೆಗೆ ಬಂದು ವಿವರ ಕೇಳಿದರೆ ನಮ್ಮಲ್ಲಿ ಅನೇಕರಿಗೆ ಅಳುಕು. ಅದಕ್ಕೆ ಕಾರಣವೂ ಇದೆ. 2020ರ ಮಾರ್ಚ್‌ನಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳ ಪಟ್ಟಿ ನಮ್ಮ ರಾಜ್ಯದಲ್ಲಿ ಬಹಿರಂಗವಾಯಿತು. ಆ ತಿಂಗಳುಗಳಲ್ಲಿ ಕಾಯಿಲೆಗೂ ಜಾತಿ-ಧರ್ಮ ಅಂಟಿಸಿದವರಿದ್ದರು. ನಕ್ಷೆ ಕಂದಕ ತೋಡಲೂ ಬರುತ್ತದೆ, ಬೆರಳು ತೋರಿಸಲೂ ಬರುತ್ತದೆ. ಹಾಗೆಂದು ಬಾಗಿಲು ಮುಚ್ಚಿಕೊಂಡರೆ ನಷ್ಟ ನಮ್ಮದೇ. ನಮ್ಮ ಬೀದಿ ನಕ್ಷೆಯಲ್ಲಿ ಬಿಟ್ಟುಹೋದರೆ ಶುದ್ಧ ನೀರಿನ ಘಟಕವೂ ಬೇರೆ ಕಡೆಗೆ ಹೋಗುತ್ತದೆ. ಆದ್ದರಿಂದ ಟ್ರಸ್ಟ್ ಮಾಡಿಸುವ ಯಾವುದೇ ನಕ್ಷೆಗೆ ಒಂದು ನಿಯಮವಿರಲಿ ಎಂದು ಕೇಳುತ್ತೇವೆ: ಬಾವಿಗೆ ಗುರುತು ಹಾಕೋಣ, ಮನುಷ್ಯರಿಗೆ ಬೇಡ. ಯಾರ ಹೆಸರೂ, ಯಾರ ಕಾಯಿಲೆಯೂ ಅದರಲ್ಲಿ ಬರಬಾರದು. ಮತ್ತು ಅದು ನಮ್ಮ ಮೊಹಲ್ಲಾಕ್ಕೆ ನಿಲ್ಲದೆ ಇಡೀ ಊರಿನ ನಕ್ಷೆಯಾಗಿರಲಿ. ನೀರಿಗೆ ಜಾತಿಯಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. ತೀರಿಹೋದ ತಂದೆ-ತಾಯಿಯ ಹೆಸರಿನಲ್ಲಿ ಕೊಳವೆಬಾವಿ, ನೀರಿನ ತೊಟ್ಟಿ ಮಾಡಿಸಲು ಮುಂದೆ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಾಹನು ಅದನ್ನು ಸ್ವೀಕರಿಸಲಿ. ಆದರೆ ಹಣ ಕೊಡುವ ಮುನ್ನ ಸುತ್ತಲಿನ ಬಾವಿಗಳ ನೀರು ಪರೀಕ್ಷೆಯಾಗಿದೆಯೇ ಎಂದು ಕೇಳಿ. ಕೊರೆದ ಮೇಲೆ ಆ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದ ಮೇಲೆಯೇ ಹೆಸರಿನ ಕಲ್ಲು ನೆಡೋಣ. ನೀರು ಚೆನ್ನಾಗಿಲ್ಲದಿದ್ದರೆ ಆ ಹಣ ಮಳೆನೀರು ಸಂಗ್ರಹಕ್ಕೋ ಶುದ್ಧೀಕರಣ ಘಟಕದ ದುರಸ್ತಿಗೋ ಹೋಗಲಿ. ಸದಖಾ ಜಾರಿಯಾ ಎಂದರೆ ನಾವು ಹೋದ ಮೇಲೂ ಹರಿಯುವ ಪುಣ್ಯ. ಹರಿಯುವುದು ಏನೆಂದು ನೋಡುವುದೂ ಅದರ ಭಾಗವೇ.

ವಿದ್ಯಾರ್ಥಿವೇತನದ ಮಕ್ಕಳಿಗೆ ಒಂದು ಕೆಲಸ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ಕ್ರಮವಿದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸಿ. ಅವರೊಂದಿಗೆ ಹೋಗಿ ಕುಡಿಯುವ ನೀರಿನ ಒಂದೊಂದು ಬಾವಿಯ ಜಾಗ, ಆಳ, ಪರೀಕ್ಷೆಯ ದಿನಾಂಕ, ಫಲಿತಾಂಶ ಬರೆದುಕೊಳ್ಳಿ. ಫ್ಲೋರೈಡ್ ಹೆಚ್ಚು ಕಂಡರೆ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಖಚಿತ ಮಾಡಿಸಬೇಕು. ಮೊದಲಿಗೆ ಡ್ರಾಯಿಂಗ್ ಹಾಳೆಯೂ ಮೂರು ಬಣ್ಣದ ಪೆನ್ಸಿಲೂ ಸಾಕು. ಕಂಪ್ಯೂಟರ್ ಬಲ್ಲವರಿಗೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಇಸ್ರೋದ ಡೆಹ್ರಾಡೂನ್ ಸಂಸ್ಥೆ ಮನೆಯಲ್ಲೇ ಕಲಿಯುವ ಉಚಿತ ಪಾಠಗಳನ್ನು ನಡೆಸುತ್ತದೆ. ತಂದೆ-ತಾಯಿಯರೇ, ಡಾಕ್ಟರು, ಎಂಜಿನಿಯರು ಎರಡೇ ಓದಲ್ಲ. ಭೂಗೋಳ ಓದುತ್ತೇನೆ ಎಂದು ಮಗಳು ಹೇಳಿದರೆ ಬೇಡ ಎನ್ನಬೇಡಿ. ಅಂಥ ಅರ್ಜಿಗಳನ್ನೂ ಟ್ರಸ್ಟ್ ಅಷ್ಟೇ ಗೌರವದಿಂದ ನೋಡಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇವೆ.

ಮದೀನಾದಲ್ಲಿ ಸಿಹಿನೀರಿನ ಕೊರತೆಯಿದ್ದಾಗ ಹಜ್ರತ್ ಉಸ್ಮಾನ್ ರೂಮಾ ಬಾವಿಯನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟ ಸಂಗತಿ ನಿಮಗೆಲ್ಲ ಗೊತ್ತು. ಅವರು ಕೊಂಡದ್ದು ಯಾವುದೋ ಒಂದು ಬಾವಿಯನ್ನಲ್ಲ, ಕುಡಿಯಲು ಯೋಗ್ಯವಾದ ನೀರಿದ್ದ ಬಾವಿಯನ್ನು. ಬಾಯಿಗೆ ಕೈ ಅಡ್ಡ ಇಟ್ಟು ಓದುತ್ತಿದ್ದ ಆ ಹುಡುಗಿಗೆ ನಾವು ಈಗ ಏನೂ ಮಾಡಲಾರೆವು. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಚಿಕ್ಕ ಮಕ್ಕಳಿಗೆ ಮಾಡಬಹುದು. ಅದಕ್ಕೆ ಇನ್ನೂ ಸಮಯವಿದೆ.